ನೋವಿಲ್ಲದ ದಿನ ನಾನು ಮಾಡುತ್ತಿದ್ದ ತಪ್ಪು

ಒಂದು ರಜಾದಿನ ಬೆಳಿಗ್ಗೆ ಎದ್ದಾಗ ಸೊಂಟದಲ್ಲಿ ನೋವಿರಲಿಲ್ಲ. ಹಲವು ವಾರಗಳ ನಂತರ ಸಿಕ್ಕ ಅಂಥ ಬೆಳಗನ್ನು ವ್ಯರ್ಥ ಮಾಡಬಾರದೆಂದು, ತಿಂಗಳುಗಳಿಂದ ಮುಂದೂಡುತ್ತ ಬಂದಿದ್ದ ಪುಸ್ತಕದ ಕಪಾಟನ್ನು ಅಂದೇ ಖಾಲಿ ಮಾಡಿ, ಒರೆಸಿ, ಮತ್ತೆ ಜೋಡಿಸಿದೆ. ಅದು ಮುಗಿದ ಮೇಲೆ ಮಂಚದಡಿಯ ಪೆಟ್ಟಿಗೆಗಳನ್ನು ಹೊರಗೆಳೆದೆ. ಸಂಜೆಯ ಹೊತ್ತಿಗೆ ಮನೆಯ ನೆಲವನ್ನೂ ಒರೆಸಿ ಮುಗಿಸಿದ್ದೆ. ಸೊಂಟವು ನಡುವೆ ಎರಡು ಮೂರು ಸಲ ಸಣ್ಣದಾಗಿ ಎಚ್ಚರಿಸಿದ್ದು ನೆನಪಿದೆ. ಆದರೆ ಎಲ್ಲರಂತೆ ಕೆಲಸ ಮಾಡುತ್ತಿದ್ದೇನೆ ಎಂಬ ಸಂತೋಷದಲ್ಲಿ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮರುದಿನ ಬೆಳಿಗ್ಗೆ ಬಾಗಿ ಕಾಲುಚೀಲ ಹಾಕಿಕೊಳ್ಳಲು ಆಗಲಿಲ್ಲ. ಮುಂದಿನ ಆರು ದಿನಗಳು ಮಂಚಕ್ಕೂ ಸ್ನಾನದ ಮನೆಗೂ ನಡುವಿನ ಹತ್ತು ಹೆಜ್ಜೆಗಳಲ್ಲೇ ಕಳೆದುಹೋದವು.

ಇಂಥ ದಿನಗಳು ಅದಕ್ಕೂ ಮುಂಚೆ ಹಲವು ಸಲ ಬಂದಿದ್ದವು. ಪ್ರತಿ ಸಲವೂ ನಾನು ಕಾರಣವನ್ನು ಕೊನೆಯ ಗಳಿಗೆಯಲ್ಲಿ ಹುಡುಕುತ್ತಿದ್ದೆ: ಆ ಪೆಟ್ಟಿಗೆಯನ್ನು ಎತ್ತಬಾರದಿತ್ತು, ಹಾಗೆ ತಟ್ಟನೆ ತಿರುಗಬಾರದಿತ್ತು ಎಂದು. ಪೆಟ್ಟಿಗೆಯಲ್ಲಾಗಲಿ ತಿರುವಿನಲ್ಲಾಗಲಿ ಅಷ್ಟು ದೋಷವಿರಲಿಲ್ಲ, ನೋವಿಲ್ಲದ ದಿನವನ್ನು ನಾನು ಬಳಸುತ್ತಿದ್ದ ರೀತಿಯಲ್ಲಿ ದೋಷವಿತ್ತು ಎಂಬುದು ಅರ್ಥವಾಗಲು ಆರು ವರ್ಷ ಬೇಕಾಯಿತು. ನನ್ನಂತೆ ವರ್ಷಗಟ್ಟಲೆ ಬೆನ್ನುನೋವಿನೊಂದಿಗೆ ಬದುಕುತ್ತಿರುವವರಿಗೆ ಇದನ್ನು ಸ್ವಲ್ಪ ಬೇಗ ಯಾರಾದರೂ ಹೇಳಿದರೆ ಒಳ್ಳೆಯದೆಂಬ ಆಸೆಯಿಂದ ಈ ಬರಹವನ್ನು ಬರೆಯುತ್ತಿದ್ದೇನೆ.

ಹನ್ನೆರಡು ವಾರಗಳನ್ನು ದಾಟಿ ಉಳಿದ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ ಜಗತ್ತಿನಲ್ಲಿ 61.9 ಕೋಟಿ ಜನರಿಗೆ ಸೊಂಟನೋವಿತ್ತು, 2050ರ ವೇಳೆಗೆ ಆ ಸಂಖ್ಯೆ 84.3 ಕೋಟಿಗೆ ಏರಬಹುದು. ಅವರಲ್ಲಿ ಸುಮಾರು 90 ಶೇಕಡಾ ಮಂದಿಯ ನೋವಿಗೆ, ಇದೇ ಮೂಳೆ, ಇದೇ ನರ ಎಂದು ಬೊಟ್ಟು ಮಾಡಿ ತೋರಿಸಬಹುದಾದ ಒಂದು ಕಾರಣ ಸಿಗುವುದಿಲ್ಲ. ನನಗೂ ಸಿಗಲಿಲ್ಲ. ಆದರೆ ಸಿಕ್ಕಿತೆಂದು ನಾನು ಬಹಳ ಕಾಲ ನಂಬಿದ್ದೆ. ಆ ನಂಬಿಕೆ ಎಂಆರ್‌ಐ ವರದಿಯಿಂದ ಬಂದದ್ದು.

ವರದಿಯಲ್ಲಿ ಸೊಂಟದ ಕೆಳಗಿನ ಎರಡು ಡಿಸ್ಕ್‌ಗಳು, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತನೆಯ ಬಿಲ್ಲೆಗಳು, ಸವೆದಿವೆ, ಒಂದು ಸ್ವಲ್ಪ ಹೊರಗೆ ಉಬ್ಬಿದೆ ಎಂದು ಬರೆದಿತ್ತು. ಸವೆದಿದೆ ಎಂಬ ಆ ಒಂದು ಮಾತು ನನ್ನ ಮನಸ್ಸಿನಲ್ಲಿ ಮೂಡಿಸಿದ ಚಿತ್ರವು ನೋವಿಗಿಂತ ಹೆಚ್ಚು ಹಾನಿ ಮಾಡಿತು. ಪ್ರತಿ ಸಲ ಬಾಗಿದಾಗಲೂ ಒಳಗೆ ಏನೋ ಇನ್ನಷ್ಟು ಸವೆಯುತ್ತಿದೆ ಎಂದು ಭಾವಿಸಿ, ಬಾಗುವುದನ್ನೇ ಬಿಟ್ಟೆ. ನಡಿಗೆಯನ್ನು ಕಡಿಮೆ ಮಾಡಿದೆ. ಮೆಟ್ಟಿಲುಗಳನ್ನು ಕಂಡರೆ ಹಿಂಜರಿದೆ. ಬೆನ್ನಿನಲ್ಲಿ ಚೂರೂ ನೋವಿಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ವಿಮರ್ಶೆ 2015ರಲ್ಲಿ ಪ್ರಕಟವಾಗಿದೆ. ಇಪ್ಪತ್ತರ ವಯಸ್ಸಿನವರಲ್ಲಿ 37 ಶೇಕಡಾ, ಐವತ್ತರವರಲ್ಲಿ 80 ಶೇಕಡಾ, ಎಂಬತ್ತರವರಲ್ಲಿ 96 ಶೇಕಡಾ ಜನರ ಡಿಸ್ಕ್‌ಗಳು ಸವೆದಿದ್ದವು. ಐವತ್ತರವರಲ್ಲಿ 60 ಶೇಕಡಾ ಜನರಿಗೆ ಡಿಸ್ಕ್ ಉಬ್ಬಿಯೂ ಇತ್ತು. ಇವರೆಲ್ಲ ನೋವಿಲ್ಲದೆ ಓಡಾಡುತ್ತಿದ್ದವರು. ಕೂದಲು ನರೆಯುವಂತೆ, ಚರ್ಮ ಸುಕ್ಕುಗಟ್ಟುವಂತೆ ಡಿಸ್ಕ್‌ಗೂ ವಯಸ್ಸಾಗುತ್ತದೆ. ಈ ಅಂಕಿಗಳನ್ನು ಒಬ್ಬ ಫಿಸಿಯೋಥೆರಪಿಸ್ಟ್ ನನ್ನ ವರದಿಯ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಬರೆದುಕೊಟ್ಟ ದಿನ, ನಾನು ಎಷ್ಟೋ ಕಾಲದ ನಂತರ ಹೆದರದೆ ಕುರ್ಚಿಯಿಂದ ಎದ್ದೆ. ಸ್ಕ್ಯಾನ್ ನಿಷ್ಪ್ರಯೋಜಕವೆಂದು ನಾನು ಹೇಳುತ್ತಿಲ್ಲ. ಅಪಾಯದ ಲಕ್ಷಣಗಳಿದ್ದಾಗ ಅದು ಬೇಕೇ ಬೇಕು. ಆದರೆ ಅದರ ಒಂದು ಸಾಲನ್ನು ತೀರ್ಪಿನಂತೆ ಓದಿಕೊಂಡು ಎರಡು ವರ್ಷ ಕಳೆದ ನನಗೆ, ವರದಿಯನ್ನು ಕೈಗಿಡುವಾಗ ಯಾರಾದರೂ ಐದು ನಿಮಿಷ ಕುಳಿತು ಅದರ ಅರ್ಥವನ್ನು ಹೇಳಬೇಕಿತ್ತು ಎಂಬ ನೋವು ಇಂದಿಗೂ ಇದೆ.

ಅದೇ ಫಿಸಿಯೋಥೆರಪಿಸ್ಟ್ ನನಗೆ ಒಂದು ಸಣ್ಣ ನೋಟ್‌ಬುಕ್ ಇಡಲು ಹೇಳಿದರು. ನೋವು ಎಷ್ಟಿದೆ ಎಂದು ಬರೆಯುವುದಕ್ಕಲ್ಲ, ಏನನ್ನು ಎಷ್ಟು ಹೊತ್ತು ಮಾಡಿದೆ ಎಂದು ಬರೆಯುವುದಕ್ಕೆ. ಒಂದು ತಿಂಗಳ ಪುಟಗಳನ್ನು ಒಟ್ಟಿಗೆ ನೋಡಿದಾಗ ನನ್ನ ಬದುಕಿನ ಆಕಾರವು ಸ್ಪಷ್ಟವಾಗಿ ಕಾಣಿಸಿತು: ನೋವಿಲ್ಲದ ಒಂದು ದಿನ ನಾಲ್ಕೈದು ದಿನಗಳ ಕೆಲಸ, ಆಮೇಲೆ ನಾಲ್ಕೈದು ದಿನ ಏನೂ ಇಲ್ಲ, ಮತ್ತೆ ಒಂದು ಒಳ್ಳೆಯ ದಿನ, ಮತ್ತೆ ಅದೇ ಅತಿ. ಮಲಗಿದ ದಿನಗಳಲ್ಲಿ ಸ್ನಾಯುಗಳು ಬಲ ಕಳೆದುಕೊಳ್ಳುತ್ತಿದ್ದವು. ಹಾಗಾಗಿ ಮುಂದಿನ ಒಳ್ಳೆಯ ದಿನದಂದು ಮೊದಲಿಗಿಂತ ಕಡಿಮೆ ಕೆಲಸಕ್ಕೇ ನೋವು ಕೆರಳುತ್ತಿತ್ತು. ವರ್ಷದಿಂದ ವರ್ಷಕ್ಕೆ ನಾನು ಕೈಲಾಗದವರಂತೆ ಆಗುತ್ತ ಬಂದದ್ದಕ್ಕೆ ಕಾರಣ ಡಿಸ್ಕ್‌ಗಿಂತ ಹೆಚ್ಚಾಗಿ ಈ ಏರಿಳಿತವೇ ಆಗಿತ್ತು.

ಇದಕ್ಕೆ ಅವರು ಹೇಳಿಕೊಟ್ಟ ಲೆಕ್ಕ ಸರಳವಾದದ್ದು, ಪಾಲಿಸುವುದು ಮಾತ್ರ ಕಷ್ಟ. ಒಂದು ಕೆಲಸವನ್ನು ತೆಗೆದುಕೊಂಡು, ನೋವು ಏರತೊಡಗುವ ತನಕ ಎಷ್ಟು ಹೊತ್ತು ಮಾಡಬಲ್ಲೆ ಎಂಬುದನ್ನು ಮೂರು ಬೇರೆ ಬೇರೆ ದಿನ, ಒಳ್ಳೆಯ ದಿನವೂ ಕೆಟ್ಟ ದಿನವೂ ಸೇರುವಂತೆ ಗಡಿಯಾರ ನೋಡಿ ಬರೆದುಕೊಳ್ಳಬೇಕು. ಅಡುಗೆಮನೆಯ ಕಟ್ಟೆಯ ಮುಂದೆ ನಿಲ್ಲುವುದು ನನಗೆ ಒಂದು ದಿನ 14 ನಿಮಿಷ, ಇನ್ನೊಂದು ದಿನ 9, ಮತ್ತೊಂದು ದಿನ 7 ನಿಮಿಷ ಸಾಧ್ಯವಾಯಿತು. ಸರಾಸರಿ ಹತ್ತು, ಅದರಿಂದ ಐದನೆಯ ಒಂದು ಭಾಗ ಕಳೆದರೆ ಎಂಟು. ಅಂದಿನಿಂದ ಎಂಟು ನಿಮಿಷವೇ ನನ್ನ ಅಳತೆಯಾಯಿತು. ಕೆಟ್ಟ ದಿನದಲ್ಲೂ ಎಂಟು ನಿಮಿಷ ನಿಲ್ಲಬೇಕು, ಒಳ್ಳೆಯ ದಿನದಲ್ಲೂ ಎಂಟಕ್ಕೇ ನಿಲ್ಲಿಸಿ ಎರಡು ನಿಮಿಷ ಕುಳಿತು ಮತ್ತೆ ಶುರು ಮಾಡಬೇಕು. ವಾರಕ್ಕೊಮ್ಮೆ ಅಳತೆಯನ್ನು ಸ್ವಲ್ಪವೇ ಏರಿಸಬೇಕು. ನಿಲ್ಲಿಸುವ ಸೂಚನೆ ನೋವಿನಿಂದ ಬರಬಾರದು, ಗಡಿಯಾರದಿಂದ ಬರಬೇಕು ಎನ್ನುವುದು ಇದರ ತಿರುಳು. ಎಂಟು ನಿಮಿಷವಾಯಿತು, ಚೂರೂ ನೋವಿಲ್ಲ, ಎದುರಿಗೆ ಇನ್ನು ನಾಲ್ಕೇ ತಟ್ಟೆಗಳು ಉಳಿದಿವೆ. ಆ ಗಳಿಗೆಯಲ್ಲಿ ಕೈ ಒರೆಸಿಕೊಂಡು ಕುಳಿತುಕೊಳ್ಳಲು ಬೇಕಾದ ಮನೋಬಲವು ನೋವನ್ನು ಸಹಿಸಲು ಬೇಕಾದ ಮನೋಬಲಕ್ಕಿಂತ ಕಡಿಮೆಯದಲ್ಲ ಎಂದು ಅನುಭವದಿಂದ ಹೇಳಬಲ್ಲೆ.

ನಡಿಗೆಯನ್ನೂ ಹೀಗೆಯೇ ಎಂಟು ನಿಮಿಷಗಳಿಂದ ಆರಂಭಿಸಿ, ವಾರಕ್ಕೆ ಒಂದು ನಿಮಿಷ ಸೇರಿಸುತ್ತ ಹೋದೆ. ನಡುವೆ ನೋವು ಕೆರಳಿದ ವಾರಗಳಲ್ಲಿ ಹಿಂದಿನ ಅಳತೆಗೆ ಮರಳಬೇಕಾದ್ದರಿಂದ 35 ನಿಮಿಷಕ್ಕೆ ತಲುಪಲು ಹತ್ತು ತಿಂಗಳು ಹಿಡಿಯಿತು. ಇಷ್ಟು ಸಾಮಾನ್ಯವಾದ ನಡಿಗೆಯಿಂದ ಏನಾದೀತೆಂಬ ಸಂದೇಹ ನನಗೂ ಇತ್ತು. ಸೊಂಟನೋವಿನಿಂದ ಆಗಷ್ಟೇ ಚೇತರಿಸಿಕೊಂಡಿದ್ದ 701 ಜನರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮಾರ್ಗದರ್ಶನದೊಂದಿಗೆ ಕ್ರಮವಾಗಿ ನಡಿಗೆಯನ್ನು ಹೆಚ್ಚಿಸಿಕೊಂಡವರಿಗೆ ನೋವು ಮರಳಲು ಮಧ್ಯಮ ಲೆಕ್ಕದಲ್ಲಿ, ಅಂದರೆ ಸಾಲಿನ ನಡುವಿನ ವ್ಯಕ್ತಿಯನ್ನು ತೆಗೆದುಕೊಂಡರೆ, 208 ದಿನ ಹಿಡಿದರೆ, ಉಳಿದವರಿಗೆ 112 ದಿನಗಳಲ್ಲಿಯೇ ಅದು ಮರಳಿತ್ತು. ನಡಿಗೆಯ ಜೊತೆಗೆ ನಾನು ದಿನಕ್ಕೆ ಹತ್ತು ನಿಮಿಷ ಮೂರು ವ್ಯಾಯಾಮಗಳನ್ನು ಮಾಡುತ್ತೇನೆ: ಕೈ ಮಂಡಿಗಳನ್ನು ಊರಿ ಒಂದು ಕೈಯನ್ನೂ ಅದರ ಎದುರು ಬದಿಯ ಕಾಲನ್ನೂ ಒಟ್ಟಿಗೆ ಚಾಚುವುದು, ಮಗ್ಗುಲಾಗಿ ಮೊಣಕೈ ಮತ್ತು ಮಂಡಿಯ ಮೇಲೆ ದೇಹವನ್ನು ಎತ್ತಿ ಹಿಡಿಯುವುದು, ಅಂಗಾತ ಮಲಗಿ ಮಂಡಿ ಮಡಚಿ ಸೊಂಟವನ್ನು ಮೇಲೆತ್ತುವುದು. ಯೋಗ, ಈಜು, ಜಿಮ್ ಇವುಗಳಲ್ಲಿ ಯಾವುದು ಶ್ರೇಷ್ಠ ಎಂಬ ಚರ್ಚೆಯಲ್ಲಿ ನನಗೆ ಆಸಕ್ತಿ ಉಳಿದಿಲ್ಲ. ಬಿಡದೆ ಮಾಡಿಕೊಂಡು ಹೋಗಲು ನಮಗೆ ಸಾಧ್ಯವಾಗುವ ವ್ಯಾಯಾಮವೇ ಸರಿಯಾದದ್ದು.

ದಿನದ ಅತ್ಯಂತ ಸೂಕ್ಷ್ಮವಾದ ಹೊತ್ತು ಬೆಳಗಿನ ಮೊದಲ ಗಂಟೆ. ರಾತ್ರಿ ಮಲಗಿರುವಾಗ ಬೆನ್ನಿನ ಮೇಲಿನ ಭಾರ ಇಳಿಯುವುದರಿಂದ ಡಿಸ್ಕ್‌ಗಳು ನೀರನ್ನು ಹೀರಿಕೊಂಡು ಉಬ್ಬುತ್ತವೆ. ಬೆಳಿಗ್ಗೆ ನಮ್ಮ ಎತ್ತರ ಸಂಜೆಗಿಂತ ಒಂದು ಸೆಂಟಿಮೀಟರಿಗೂ ಹೆಚ್ಚಿರುವುದು ಇದೇ ಕಾರಣಕ್ಕೆ. ಉಬ್ಬಿದ ಡಿಸ್ಕ್ ಬಾಗಿದಾಗ ಹೆಚ್ಚು ಒತ್ತಡಕ್ಕೆ ಸಿಲುಕುತ್ತದೆ, ಎದ್ದು ಓಡಾಡತೊಡಗಿದ ಮೇಲೆ ಅದು ಕ್ರಮೇಣ ಇಳಿಯುತ್ತದೆ. ಬೆಳಗಿನ ಹೊತ್ತು ಬಾಗುವುದನ್ನು ತಪ್ಪಿಸಿದವರಲ್ಲಿ ದೀರ್ಘಕಾಲದ ಸೊಂಟನೋವು ಕಡಿಮೆಯಾದುದನ್ನು 1998ರ ಒಂದು ಅಧ್ಯಯನ ತೋರಿಸಿತ್ತು. ಇದನ್ನು ತಿಳಿದ ಮೇಲೆ ನಾನು ಬೆಳಗಿನ ಕೆಲಸಗಳ ಕ್ರಮವನ್ನೇ ಬದಲಿಸಿದೆ. ಏಳುವಾಗ ಮೊದಲು ಮಗ್ಗುಲಿಗೆ ಹೊರಳಿ, ಕಾಲುಗಳನ್ನು ಮಂಚದಿಂದ ಕೆಳಗಿಳಿಸುತ್ತ, ಕೈಯೂರಿ ಮೇಲೇಳುತ್ತೇನೆ. ಹಲ್ಲುಜ್ಜುವಾಗ ಒಂದು ಕೈ ಬೇಸಿನ್ನಿನ ಅಂಚಿನ ಮೇಲಿರುತ್ತದೆ. ಕಾಲುಚೀಲವನ್ನು ಒಂದು ಗಂಟೆಯಾದ ಮೇಲೆ, ಕುಳಿತು, ಪಾದವನ್ನು ಇನ್ನೊಂದು ಮಂಡಿಯ ಮೇಲೆ ಇಟ್ಟುಕೊಂಡು ಹಾಕಿಕೊಳ್ಳುತ್ತೇನೆ. ಕಸ ಗುಡಿಸುವುದು, ಹಾಸಿಗೆ ಸರಿಪಡಿಸುವುದು ಇವೆಲ್ಲ ಅದಕ್ಕೂ ನಂತರದ ಕೆಲಸಗಳು.

ನಿಂತು ಮಾಡುವ ಕೆಲಸಗಳಲ್ಲಿ ನನಗೆ ಬಹಳ ನೆರವಾದದ್ದು ಒಂದು ಗೇಣು ಎತ್ತರದ ಮಣೆ. ಪಾತ್ರೆ ತೊಳೆಯುವಾಗ, ಇಸ್ತ್ರಿ ಮಾಡುವಾಗ ಒಂದು ಪಾದವನ್ನು ಅದರ ಮೇಲಿಟ್ಟು, ಆಗಾಗ ಕಾಲು ಬದಲಿಸುತ್ತಿದ್ದರೆ ಸೊಂಟದ ಮೇಲಿನ ಸೆಳೆತ ಕಡಿಮೆಯಾಗುತ್ತದೆ. ನೆಲ ಒರೆಸಲು ನನ್ನ ಎದೆಯ ಎತ್ತರಕ್ಕೆ ಬರುವ ಉದ್ದನೆಯ ಕೋಲು ಹಿಡಿದು, ಸೊಂಟದಿಂದ ಬಾಗಿ ಚಾಚುವ ಬದಲು ಪಾದಗಳನ್ನೇ ಮುಂದಕ್ಕೆ ಹಿಂದಕ್ಕೆ ಇಡುತ್ತೇನೆ. ಭಾರ ಎತ್ತುವ ವಿಷಯದಲ್ಲಿ ನನಗಿರುವ ನಿಯಮಗಳು ಎರಡೇ: ವಸ್ತುವನ್ನು ಮೈಗೆ ಹತ್ತಿರ ತಂದುಕೊಂಡು ಎತ್ತಬೇಕು, ಎತ್ತಿದ ಮೇಲೆ ಸೊಂಟವನ್ನು ತಿರುಚದೆ ಪಾದಗಳನ್ನು ತಿರುಗಿಸಬೇಕು. ಒಂದು ತುಂಬಿದ ಬಕೆಟ್ಟಿಗಿಂತ ಎರಡು ಅರ್ಧ ಬಕೆಟ್ಟುಗಳು ಮೇಲು.

ಕುಳಿತುಕೊಳ್ಳುವುದರ ಬಗ್ಗೆ ನಾನು ಬಹಳ ತಪ್ಪು ತಿಳಿದಿದ್ದೆ. ಬೆನ್ನನ್ನು ನೆಟ್ಟಗೆ ಹಿಡಿದು, ಕೋಲಿನಂತೆ ಕುಳಿತರೆ ನೋವು ಬರುವುದಿಲ್ಲವೆಂದು ನಂಬಿ, ಬೆಲೆಬಾಳುವ ಕುರ್ಚಿಯೊಂದನ್ನು ಕೊಂಡು ಅದರಲ್ಲಿ ಮೂರು ಗಂಟೆ ಅಲುಗಾಡದೆ ಕೂರುತ್ತಿದ್ದೆ. ನೋವು ಹೆಚ್ಚಿತು. ಅಲುಗಾಡದೆ ಉಳಿದರೆ ಎಂಥ ಭಂಗಿಯೂ ಕೆಡುಕೇ. ಸ್ವಲ್ಪ ಹೊತ್ತು ಒರಗಿ, ಸ್ವಲ್ಪ ಹೊತ್ತು ನೆಟ್ಟಗೆ, ಸ್ವಲ್ಪ ಹೊತ್ತು ನಿಂತು ಕೆಲಸ ಮಾಡುವುದೇ ಬೆನ್ನಿಗೆ ಹಿತ. 25 ನಿಮಿಷಕ್ಕೊಮ್ಮೆ ಏಳಬೇಕೆಂಬ ನೆನಪು ಕೆಲಸದ ನಡುವೆ ಉಳಿಯುವುದಿಲ್ಲವಾದ್ದರಿಂದ, ಮೇಜಿನ ಮೇಲಿದ್ದ ನೀರಿನ ದೊಡ್ಡ ಬಾಟಲಿಯನ್ನು ತೆಗೆದು ಸಣ್ಣ ಲೋಟವನ್ನು ಇಟ್ಟೆ. ಲೋಟ ಬೇಗ ಖಾಲಿಯಾಗುತ್ತದೆ, ತುಂಬಿಸಲು ಏಳಲೇಬೇಕು. ಕಾರಿನಲ್ಲಿ ಕೂರುವಾಗ ಮೊದಲು ಆಸನಕ್ಕೆ ಬೆನ್ನು ಮಾಡಿ ಕುಳಿತು, ಆಮೇಲೆ ಎರಡೂ ಕಾಲುಗಳನ್ನು ಒಟ್ಟಿಗೆ ಒಳಗೆ ತಂದುಕೊಳ್ಳುತ್ತೇನೆ.

ಗಟ್ಟಿ ಹಲಗೆಯ ಮೇಲೆ ಮಲಗಬೇಕೆಂಬ ಸಲಹೆಯನ್ನು ನನಗೆ ಕೊಡದವರಿಲ್ಲ. ಒಂದು ವರ್ಷ ಹಾಗೆ ಮಲಗಿ ನೋಡಿದೆ, ಭುಜ ಮತ್ತು ಪೃಷ್ಠದ ನೋವು ಹೊಸದಾಗಿ ಸೇರಿಕೊಂಡಿತು. 313 ಜನರ ಮೇಲೆ ನಡೆದ, 2003ರಲ್ಲಿ ಪ್ರಕಟವಾದ ಅಧ್ಯಯನವೂ ತೀರಾ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯ ಹಾಸಿಗೆಯೇ ಮೇಲೆಂದು ಕಂಡುಕೊಂಡಿದೆ. ಮಗ್ಗುಲಾಗಿ ಮಲಗುವಾಗ ಮಂಡಿಗಳ ನಡುವೆ, ಅಂಗಾತ ಮಲಗುವಾಗ ಮಂಡಿಗಳ ಕೆಳಗೆ ಒಂದು ದಿಂಬನ್ನು ಇಟ್ಟುಕೊಳ್ಳುವುದು ನನಗೆ ಹಾಸಿಗೆಯ ಬದಲಾವಣೆಯಷ್ಟೇ ಆರಾಮ ಕೊಟ್ಟಿದೆ. ನಿದ್ದೆಯ ಮಹತ್ವವನ್ನು ತೋರಿಸಿಕೊಟ್ಟದ್ದೂ ಆ ನೋಟ್‌ಬುಕ್ಕೇ. ಒಂದು ವರ್ಷದಲ್ಲಿ ನೋವು ಕೆರಳಿದ ಏಳು ಸಂದರ್ಭಗಳಲ್ಲಿ ಮೂರರ ಹಿಂದೆ ಭಾರ ಎತ್ತಿದ್ದಾಗಲಿ ಹೆಚ್ಚು ಕೆಲಸ ಮಾಡಿದ್ದಾಗಲಿ ಇರಲಿಲ್ಲ. ಎರಡು ಮೂರು ರಾತ್ರಿ ಸರಿಯಾಗಿ ನಿದ್ದೆ ಇಲ್ಲದ್ದೂ, ಮನಸ್ಸಿಗೆ ಹಚ್ಚಿಕೊಂಡ ಯಾವುದೋ ಚಿಂತೆಯೂ ಇದ್ದವು.

ಅದನ್ನು ಕಂಡಾಗ ನನಗೆ ಮೊದಲು ಅವಮಾನವೆನಿಸಿತು. ಹಾಗಾದರೆ ನನ್ನ ನೋವು ಬರೀ ಮನಸ್ಸಿನದೇ ಎಂದು ಕುಗ್ಗಿದೆ. ನೋವು ನಿಜವೇ, ಅದನ್ನು ಕಾಯುವ ನರಮಂಡಲವು ಅತಿ ಎಚ್ಚರಕ್ಕೆ ಬಿದ್ದಿದೆ ಎಂದು ವೈದ್ಯರೊಬ್ಬರು ವಿವರಿಸಿದರು. ಒಮ್ಮೆ ಕಳ್ಳ ನುಗ್ಗಿದ ಮನೆಯವರು ಆಮೇಲೆ ಎಲೆ ಅಲುಗಿದರೂ ಎದ್ದು ಕೂರುವಂತೆ, ತಿಂಗಳುಗಟ್ಟಲೆ ನೋವಿನ ಸಂದೇಶಗಳನ್ನು ಹೊತ್ತ ನರಗಳು ಸಣ್ಣ ಸೆಳೆತಕ್ಕೂ ಕೂಗುತ್ತವೆ. ನಿದ್ದೆಗೇಡು, ಭಯ, ಚಿಂತೆಗಳು ಆ ಎಚ್ಚರವನ್ನು ಇನ್ನಷ್ಟು ಹೆಚ್ಚಿಸುತ್ತವೆ. ಹೀಗೆ ದೀರ್ಘಕಾಲದ ನೋವಿನಲ್ಲಿ, ನೋಯುತ್ತಿದೆ ಎಂದ ಮಾತ್ರಕ್ಕೆ ಒಳಗೆ ಏನೋ ಹರಿದು ಹಾಳಾಗುತ್ತಿದೆ ಎಂದು ಅರ್ಥವಲ್ಲ. ಅಳತೆಯ ಒಳಗೆ ದಿನವೂ ನಡೆಯುವುದು, ಬಾಗುವುದು, ತಿರುಗುವುದು ಆ ಕಾವಲುಗಾರನಿಗೆ ಭಯಪಡಬೇಕಾದ್ದೇನೂ ಇಲ್ಲವೆಂದು ಮತ್ತೆ ಮತ್ತೆ ತೋರಿಸಿಕೊಟ್ಟಂತೆ. ವಿಶ್ವ ಆರೋಗ್ಯ ಸಂಸ್ಥೆಯು 2023ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ವ್ಯಾಯಾಮ, ರೋಗಿಗೆ ತಿಳಿವಳಿಕೆ ಕೊಡುವುದು ಮತ್ತು ಮನಶ್ಶಾಸ್ತ್ರೀಯ ಚಿಕಿತ್ಸೆಗಳನ್ನು ಒಟ್ಟಿಗೆ ಹೇಳಿರುವುದು ಈ ಕಾರಣದಿಂದಲೇ ಇರಬೇಕು. ಸೊಂಟಕ್ಕೆ ಕಟ್ಟುವ ಬೆಲ್ಟ್ ಮತ್ತು ಬೆನ್ನನ್ನು ಎಳೆದು ಹಿಡಿಯುವ ಚಿಕಿತ್ಸೆಯನ್ನು (ಟ್ರ್ಯಾಕ್ಷನ್) ವಾಡಿಕೆಯಾಗಿ ಬಳಸಬಾರದೆಂದೂ ಅದೇ ಮಾರ್ಗಸೂಚಿ ಹೇಳುತ್ತದೆ. ನಾನು ನಾಲ್ಕು ವರ್ಷ ಬಿಡದೆ ಬೆಲ್ಟ್ ಕಟ್ಟಿಕೊಂಡಿದ್ದೆ. ಅದನ್ನು ಬಿಡಲು ಎರಡು ತಿಂಗಳು ಬೇಕಾಯಿತು.

ಎಷ್ಟು ಅಳತೆಯಿಂದಿದ್ದರೂ ನೋವು ಕೆರಳುವ ದಿನಗಳು ಬರುತ್ತವೆ. ಅಂಥ ದಿನಗಳಲ್ಲಿ ಸರಿಯಾದ ನಿರ್ಧಾರ ಮಾಡುವ ಶಕ್ತಿ ಇರುವುದಿಲ್ಲವೆಂದು ತಿಳಿದ ಮೇಲೆ, ಒಂದು ಒಳ್ಳೆಯ ದಿನ ಕುಳಿತು, ಕೆಟ್ಟ ದಿನಕ್ಕೆ ಬೇಕಾದ ಸೂಚನೆಗಳನ್ನು ಒಂದು ಹಾಳೆಯಲ್ಲಿ ಬರೆದು ಕಪಾಟಿನ ಬಾಗಿಲಿನ ಒಳಬದಿಗೆ ಅಂಟಿಸಿದ್ದೇನೆ. ಮೊದಲ ದಿನ ನೆಲದ ಮೇಲೆ ಅಂಗಾತ ಮಲಗಿ ಮೀನಖಂಡಗಳನ್ನು ಕುರ್ಚಿಯ ಮೇಲಿಟ್ಟು ಹದಿನೈದು ನಿಮಿಷ ವಿಶ್ರಾಂತಿ, ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಶಾಖ, ನಡಿಗೆಯನ್ನು ನಿಲ್ಲಿಸದೆ ಅರ್ಧಕ್ಕೆ ಇಳಿಸುವುದು, ಮಾತ್ರೆಯನ್ನು ವೈದ್ಯರು ಬರೆದುಕೊಟ್ಟ ಪ್ರಮಾಣದಲ್ಲಿ ಅವರು ಹೇಳಿದಷ್ಟೇ ದಿನ ತೆಗೆದುಕೊಳ್ಳುವುದು. ನೋವಿನ ಮಾತ್ರೆಗಳು ಹೊಟ್ಟೆಗೂ ಮೂತ್ರಪಿಂಡಕ್ಕೂ ಹಾನಿ ಮಾಡಬಲ್ಲವಾದ್ದರಿಂದ ಈ ಕೊನೆಯ ಮಾತನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಪೂರ್ತಿ ಹಾಸಿಗೆ ಹಿಡಿಯಬಾರದು ಎಂಬುದೂ ಅಲ್ಲಿದೆ. ಹೊಸದಾಗಿ ಸೊಂಟ ಹಿಡಿದವರ ಮೇಲೆ ಫಿನ್ಲೆಂಡಿನಲ್ಲಿ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ದಿನ ಹಾಸಿಗೆಯಲ್ಲಿ ವಿಶ್ರಾಂತಿ ಪಡೆದವರಿಗಿಂತ, ನೋವು ಬಿಟ್ಟಷ್ಟು ದಿನನಿತ್ಯದ ಕೆಲಸಗಳನ್ನು ಮುಂದುವರಿಸಿದವರೇ ಬೇಗ ಚೇತರಿಸಿಕೊಂಡಿದ್ದರು.

ಹಾಳೆಯ ಕೊನೆಯಲ್ಲಿ, ಮನೆಯಲ್ಲಿ ಸಹಿಸಿಕೊಂಡು ಕೂರಬಾರದ ಲಕ್ಷಣಗಳಿವೆ. ಮೂತ್ರ ಅಥವಾ ಮಲದ ಮೇಲೆ ಹತೋಟಿ ತಪ್ಪುವುದು, ಮೂತ್ರ ಕಟ್ಟಿಕೊಳ್ಳುವುದು, ತೊಡೆಗಳ ಸಂದಿ ಮತ್ತು ಗುದದ ಸುತ್ತ ಮರಗಟ್ಟುವುದು, ಕಾಲಿನ ಬಲ ದಿನೇ ದಿನೇ ಕುಂದುವುದು ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ, ಅದೇ ಗಂಟೆ ಆಸ್ಪತ್ರೆಗೆ ಹೋಗಬೇಕು. ನರಗಳ ಮೇಲಿನ ಒತ್ತಡವನ್ನು ತಡವಾಗಿ ಬಿಡಿಸಿದರೆ ಹೋದ ಶಕ್ತಿ ಮರಳದಿರಬಹುದು. ನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಬಂದಿದ್ದು, ಬಿದ್ದು ಪೆಟ್ಟಾದದ್ದು, ಮಲಗಿದರೂ ತಗ್ಗದ ರಾತ್ರಿಯ ನೋವು ಇವಿದ್ದರೂ ತಡಮಾಡದೆ ವೈದ್ಯರನ್ನು ಕಾಣಬೇಕು.

ನೋವು ಹೊರಗೆ ಕಾಣುವುದಿಲ್ಲವಾದ್ದರಿಂದ ಮನೆಯವರಿಗೂ ಇದು ಸುಲಭವಲ್ಲ. ನನ್ನ ಅಕ್ಕ ಪ್ರತಿ ಸಂಜೆ ಫೋನ್ ಮಾಡಿ ‘ನೋವು ಹೇಗಿದೆ?’ ಎಂದು ಕೇಳುತ್ತಿದ್ದಳು. ಪ್ರೀತಿಯ ಪ್ರಶ್ನೆಯೇ, ಆದರೆ ಉತ್ತರಿಸಲು ನಾನು ಪ್ರತಿ ಸಲ ಒಳಗೆ ಇಳಿದು ನೋವನ್ನು ಹುಡುಕಬೇಕಿತ್ತು, ಹುಡುಕಿದರೆ ಅದು ಸಿಕ್ಕೇ ಸಿಗುತ್ತಿತ್ತು. ಒಂದು ದಿನ ಇದನ್ನು ಅವಳಿಗೆ ಹೇಳಿದೆ. ಅಂದಿನಿಂದ ಅವಳು ‘ಇವತ್ತು ನಡೆದಾಯಿತಾ?’ ಎಂದಷ್ಟೇ ಕೇಳುತ್ತಾಳೆ. ಕೆಟ್ಟ ದಿನಗಳಲ್ಲೂ ಆ ಪ್ರಶ್ನೆಗೆ ಹೌದು ಎನ್ನಲೆಂದೇ ನಾನು ಚಪ್ಪಲಿ ಮೆಟ್ಟಿ ಹೊರಟಿದ್ದೇನೆ.

ಹೋದ ವಾರ ಮತ್ತೆ ಅಂಥದೇ ನೋವಿಲ್ಲದ ಬೆಳಗು ಬಂದಿತ್ತು, ಪುಸ್ತಕದ ಕಪಾಟಿನ ಮೇಲೆ ಮತ್ತೆ ಧೂಳು ಕೂತಿತ್ತು. ಒಂದು ಅಂತಸ್ತನ್ನು ಇಪ್ಪತ್ತು ನಿಮಿಷದಲ್ಲಿ ಒರೆಸಿ ಜೋಡಿಸಿದೆ. ಗಂಟೆ ಬಾರಿಸಿದಾಗ ಎರಡನೆಯ ಅಂತಸ್ತಿನ ನಾಲ್ಕು ಪುಸ್ತಕಗಳು ಆಗಲೇ ಕೈಯಲ್ಲಿದ್ದವು. ಅವನ್ನು ಧೂಳಿನ ಮೇಲೆಯೇ ಮರಳಿ ಇಟ್ಟು, ಬಟ್ಟೆಯನ್ನು ಒಣಹಾಕಿ, ನಡೆಯಲು ಹೋದೆ. ಐದು ಅಂತಸ್ತುಗಳಲ್ಲಿ ಈಗ ಮೂರು ಮುಗಿದಿವೆ.